ಆತ್ಮಹತ್ಯೆ ತಡೆ ತರಬೇತಿ: ಎರಡು ದಿನದಲ್ಲಿ ಸಮಾಜ ಕಾರ್ಯಕರ್ತರಿಗೆ ಏನು ಕಲಿಸಬೇಕು, ಏನು ಬಿಡಬೇಕು?

ದುರ್ಗದ ಕಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಚಿತ್ರದುರ್ಗದಲ್ಲಿ 30 ಜನ ಸಮಾಜ ಕಾರ್ಯಕರ್ತರಿಗೆ ಎರಡು ದಿನದ ತರಬೇತಿ ಇದೆ. ಆತ್ಮಹತ್ಯೆಯ ಅಪಾಯ ಗುರುತಿಸುವುದು, ತಡೆಯುವುದು ವಿಷಯ. ಬರುವವರಲ್ಲಿ ಅರ್ಧ ಜನ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯೂ ಆದವರು. ಉಳಿದವರು ಮಕ್ಕಳ ರಕ್ಷಣೆ, ಸಾಂತ್ವನ ಕೇಂದ್ರ, ಸ್ವಸಹಾಯ ಸಂಘಗಳ ಒಕ್ಕೂಟ, ಹೀಗೆ ಬೇರೆ ಬೇರೆ ಕಡೆಯವರು. ಚಳ್ಳಕೆರೆ, ಮೊಳಕಾಲ್ಮೂರು, ಹೊಸದುರ್ಗದ ಹಳ್ಳಿಗಳಲ್ಲಿ ಓಡಾಡುವವರೇ ಹೆಚ್ಚು.

ಕರಡು ವೇಳಾಪಟ್ಟಿ ಹೀಗಿದೆ. ಮೊದಲ ದಿನ ಪೂರ್ತಿ ಉಪನ್ಯಾಸ: ಅಂಕಿಅಂಶ, ಕಾರಣಗಳು, ಖಿನ್ನತೆ, ಕುಡಿತ, ಕಾನೂನು. ಎರಡನೇ ದಿನ ಬೆಳಿಗ್ಗೆ ಕೊಲಂಬಿಯಾ ಪ್ರಶ್ನಾವಳಿ (ಆತ್ಮಹತ್ಯೆಯ ಅಪಾಯ ತಿಳಿಯಲು ಕೇಳುವ ಸಿದ್ಧ ಪ್ರಶ್ನೆಗಳು) ಕಲಿಸಿ ಅಂಕ ಹಾಕಿಸುವುದು. ಮಧ್ಯಾಹ್ನ ಒಂದು ಗಂಟೆ ಪಾತ್ರಾಭಿನಯ, ಕೊನೆಗೆ ಪ್ರಮಾಣಪತ್ರ. ಇಂಥ ತರಬೇತಿ ಕೊಟ್ಟವರು ಏನು ತೆಗೆಯಬೇಕು, ಏನು ಸೇರಿಸಬೇಕು ಹೇಳಿ. ಮುಲಾಜಿಲ್ಲದೆ ಹೇಳಿದರೂ ಪರವಾಗಿಲ್ಲ.

ಬೆಣ್ಣೆ ಖಾಲಿ, ದಾವಣಗೆರೆ

ಮುಲಾಜಿಲ್ಲದೆ ಹೇಳುವುದಾದರೆ ವೇಳಾಪಟ್ಟಿ ತಲೆಕೆಳಗು ಮಾಡಿ. ಎರಡೂ ದಿನ ಸೇರಿ ಉಪನ್ಯಾಸ ಎರಡೂವರೆ ಗಂಟೆ ದಾಟದಿರಲಿ. ಖಿನ್ನತೆಯ ಲಕ್ಷಣ ಎಂಎಸ್‌ಡಬ್ಲ್ಯೂ ಆದವರು ಓದಿಯೇ ಬಂದಿರುತ್ತಾರೆ, ಉಳಿದವರಿಗೆ ಎರಡು ಪುಟದ ಕೈಪಿಡಿ ಸಾಕು. ಈ ಕೆಲಸದಲ್ಲಿ ಜನ ಸೋಲುವುದು ಗೊತ್ತಿಲ್ಲದೆ ಅಲ್ಲ, ಎದುರಿಗೆ ಕೂತಾಗ ಬಾಯಿ ಬರದೆ. ಬಾಯಿ ಬರಬೇಕಾದರೆ ಬಾಯಿಬಿಟ್ಟು ಅಭ್ಯಾಸ ಮಾಡಲೇಬೇಕು.

30 ಜನಕ್ಕೆ ಒಂದು ಗಂಟೆ ಪಾತ್ರಾಭಿನಯ ಅಂದರೆ ನಾಲ್ಕೈದು ಧೈರ್ಯಸ್ಥರು ಮುಂದೆ ಬಂದು ಮಾಡುತ್ತಾರೆ, ಉಳಿದ ಇಪ್ಪತ್ತೈದು ಜನ ನಾಟಕ ನೋಡುತ್ತಾರೆ. ಅದರ ಬದಲು ಮೂವರು ಮೂವರಂತೆ ಹತ್ತು ಗುಂಪು ಮಾಡಿ. ಒಬ್ಬರು ಕಾರ್ಯಕರ್ತೆ, ಒಬ್ಬರು ಕಷ್ಟದಲ್ಲಿರುವವರು, ಮೂರನೆಯವರು ಹಾಳೆ ಪೆನ್ನು ಹಿಡಿದು ನೋಡುವವರು. 8 ನಿಮಿಷ ಮಾತುಕತೆ, 5 ನಿಮಿಷ ನೋಡಿದವರ ಅಭಿಪ್ರಾಯ, 2 ನಿಮಿಷ ಜಾಗ ಬದಲು. ಮೂರು ಸುತ್ತಿಗೆ ಮುಕ್ಕಾಲು ಗಂಟೆ. ಎರಡು ದಿನದಲ್ಲಿ ಇಂಥ ನಾಲ್ಕು ಅವಧಿ ಇಟ್ಟರೆ ಪ್ರತಿಯೊಬ್ಬರೂ ನಾಲ್ಕು ಸಲ ಕೇಳಿದ ಹಾಗಾಗುತ್ತದೆ. ಹತ್ತು ಗುಂಪಿಗೆ ತರಬೇತುದಾರರು ಕನಿಷ್ಠ ಮೂವರು ಬೇಕು. ಒಬ್ಬರೇ ಆದರೆ ಮೂಲೆಯ ಗುಂಪುಗಳಲ್ಲಿ ಹರಟೆ ಶುರುವಾಗುತ್ತದೆ.

ಇನ್ನು ಕೇಳುವ ಮಾತು. ಹೊಸಬರು ಸಾಮಾನ್ಯವಾಗಿ ಹೀಗೆ ಕೇಳುತ್ತಾರೆ: "ಅಂಥ ಯೋಚನೆ ಏನೂ ಇಲ್ಲ ಅಲ್ವಾ?" ಹೀಗೆ ಕೇಳಿದರೆ "ಇಲ್ಲ" ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಬರುವುದೇ ಇಲ್ಲ, ಉತ್ತರವನ್ನು ನೀವೇ ಕೊಟ್ಟಾಗಿರುತ್ತದೆ. ಇನ್ನೊಂದು: "ಮಕ್ಕಳ ಮುಖ ನೋಡಿಯಾದ್ರೂ ಧೈರ್ಯ ತಗೋರಿ." ಮಕ್ಕಳಿಗೆ ತಾನೇ ಭಾರ ಅಂದುಕೊಂಡು ಕೂತವರಿಗೆ ಈ ಮಾತು ಗಾಯದ ಮೇಲೆ ಉಪ್ಪು. ಮೂರನೆಯದು ಬುದ್ಧಿಮಾತು. ಎರಡನೇ ನಿಮಿಷಕ್ಕೇ ಶುರುವಾಗುವ ಬುದ್ಧಿಮಾತನ್ನು ನಿಲ್ಲಿಸುವುದೇ ತರಬೇತಿಯ ಅರ್ಧ ಕೆಲಸ.

ಮೆಟ್ಟಿಲು ಮೆಟ್ಟಿಲಾಗಿ ಕೇಳಿಸಿ. ನಮ್ಮ ಕಡೆಯ ಮಾತಿನಲ್ಲೇ ಇರಲಿ. "ಇಷ್ಟೆಲ್ಲಾ ಒಟ್ಟಿಗೆ ಬಂದಾಗ ಕೆಲವ್ರಿಗೆ ಜೀವಾನ ಬ್ಯಾಸರ ಆಗಿಬಿಡ್ತೈತಿ, ಬದುಕೋದೇ ಬ್ಯಾಡ ಅನ್ನಿಸ್ತೈತಿ. ನಿಮಗೂ ಹಂಗ ಅನ್ನಿಸೈತಾ ಅಣ್ಣ?" ಹೌದು ಅಂದರೆ ಮುಂದಿನ ಮೆಟ್ಟಿಲು: "ಸಾಯಬೇಕು, ಜೀವ ಕಳಕೋಬೇಕು ಅಂತ ಯೋಚನೆ ಬಂದೈತಾ?" ಆಮೇಲೆ ಹೇಗೆ ಅಂತ ಯೋಚನೆ ಮಾಡಿದ್ದಾರಾ, ಯಾವಾಗ ಅಂತ ಮನಸ್ಸಿನಲ್ಲಿದೆಯಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಯಾವಾಗಾದರೂ ಪ್ರಯತ್ನ ಆಗಿತ್ತಾ. ಕೊನೆಗೆ, "ಇಲ್ಲೀತನಕ ನಿಮ್ಮನ್ನ ತಡದದ್ದು ಏನು?" ಈ ಕೊನೆಯ ಪ್ರಶ್ನೆ ಬಿಟ್ಟುಹೋಗುವುದೇ ಹೆಚ್ಚು. ಬದುಕಿಗೆ ಹಿಡಿದಿಟ್ಟ ದಾರ ಯಾವುದು ಅಂತ ಗೊತ್ತಾಗುವುದು ಅಲ್ಲೇ.

ಸಾವಿನ ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಬೇಕು. ನೋಡುವವರು ಮನಸ್ಸಿನಲ್ಲೇ ಎಣಿಸಲಿ. ಬಹಳ ಜನ ಮೂರು ಸೆಕೆಂಡಿಗೇ "ಹಂಗೇನಿಲ್ಲ ಬಿಡ್ರಿ" ಅಂತ ತಾವೇ ಬಾಗಿಲು ಹಾಕಿಬಿಡುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅನ್ನುವ ಭಯ ಮೊದಲ ದಿನವೇ ಏಳುತ್ತದೆ. ಕೇಳಿದ್ದರಿಂದ ಯೋಚನೆ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದನ್ನು ಶುರುವಿನ ಹತ್ತು ನಿಮಿಷದಲ್ಲೇ ಹೇಳಿ ಮುಗಿಸಿ.

ಬಾತಿ ಗುಡ್ಡ

ಮೇಲಿನದಕ್ಕೆಲ್ಲ ನನ್ನ ಸಹಮತ. ಕೊಲಂಬಿಯಾ ಬಗ್ಗೆ ಮಾತ್ರ ಒಂದಿಷ್ಟು ಹೇಳಬೇಕು.

ಅದರ ಸ್ಕ್ರೀನಿಂಗ್ ರೂಪದಲ್ಲಿ ಆರು ಪ್ರಶ್ನೆ. ಸತ್ತರೆ ಚೆನ್ನ ಅನ್ನಿಸಿದೆಯಾ. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ. ಹೇಗೆ ಎಂದು ಯೋಚಿಸಿದ್ದುಂಟಾ. ಮಾಡಬೇಕೆಂಬ ಉದ್ದೇಶ ಸ್ವಲ್ಪವಾದರೂ ಇದೆಯಾ. ವಿವರವಾದ ಯೋಜನೆ ಇದೆಯಾ. ಏನಾದರೂ ಮಾಡಿಕೊಂಡದ್ದು ಅಥವಾ ತಯಾರಿ ನಡೆಸಿದ್ದು ಉಂಟಾ. ಎರಡನೆಯದಕ್ಕೆ ಇಲ್ಲ ಅಂದರೆ ನಡುವಿನ ಮೂರನ್ನು ಬಿಟ್ಟು ನೇರ ಆರಕ್ಕೆ ಹೋಗಬೇಕು. ಆರನ್ನು ಯಾವತ್ತೂ ಬಿಡುವಂತಿಲ್ಲ. ತಪ್ಪು ಆಗುವುದು ಸರಿಯಾಗಿ ಇಲ್ಲೇ: ಮೊದಲ ಎರಡಕ್ಕೂ "ಇಲ್ಲ" ಬಂತು ಅಂತ ಹಾಳೆ ಮಡಚಿ ಎದ್ದುಬಿಡುತ್ತಾರೆ. ಹೋದ ತಿಂಗಳು ಆಸ್ಪತ್ರೆ ಸೇರಿದ್ದ ವಿಷಯ ಕೇಳದೇ ಉಳಿಯುತ್ತದೆ. ನಾಲ್ಕು ಅಥವಾ ಐದಕ್ಕೆ ಹೌದು ಅಂದರೆ, ಇಲ್ಲವೇ ಆರರಲ್ಲಿ ಹೇಳಿದ್ದು ಕಳೆದ ಮೂರು ತಿಂಗಳ ಒಳಗಿನದಾದರೆ, ಅವರನ್ನು ಒಂಟಿ ಬಿಡುವ ಹಾಗಿಲ್ಲ. ಅದೇ ದಿನ ವೈದ್ಯರ ಹತ್ತಿರ ಹೋಗಬೇಕು.

ಪ್ರಶ್ನೆಗಳ ಕ್ರಮ ಕಲಿಯಲು ಇದು ಒಳ್ಳೆಯದು. "ಅಂಕ ಹಾಕಿಸುವುದು" ಅಂದಿರಲ್ಲ, ಅದನ್ನು ಬಿಡಿ. ಯಾವ ಮಾಪಕವೂ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಅಂತ ಭವಿಷ್ಯ ಹೇಳುವುದಿಲ್ಲ. ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದ 2017ರ ವಿಶ್ಲೇಷಣೆಯಲ್ಲಿ ಈ ಭವಿಷ್ಯ ನಾಣ್ಯ ಚಿಮ್ಮುವುದಕ್ಕಿಂತ ಅಷ್ಟೇನೂ ಮೇಲಿರಲಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಇನ್ನೂ ಮುಂದೆ ಹೋಗಿ, ಮುಂದೆ ಏನಾಗುತ್ತದೆ ಎಂದು ಊಹಿಸಲು ಮಾಪಕ ಬಳಸಬೇಡಿ, ಕಡಿಮೆ-ಮಧ್ಯಮ-ಹೆಚ್ಚು ಎಂಬ ಚೀಟಿ ಅಂಟಿಸಿ ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಬೇಡಿ ಎಂದಿತು. ಹಾಳೆಯಲ್ಲಿ "ಕಡಿಮೆ ಅಪಾಯ" ಅಂತ ಬರೆದುಬಿಟ್ಟರೆ ಆಮೇಲೆ ಆ ಮನೆಗೆ ಯಾರೂ ಹೋಗುವುದಿಲ್ಲ. ನನ್ನ ತಕರಾರು ಇಷ್ಟೇ.

ಅಂಕದ ಬದಲು ಐದು ಸಾಲಿನ ಟಿಪ್ಪಣಿ ಬರೆಯಲು ಕಲಿಸಿ. ಮೊದಲಿಂದ ಇದ್ದ ಭಾರ, ಈಗ ಹೊಸದಾಗಿ ಏನಾಯಿತು, ಅವರ ಬಾಯಲ್ಲೇ ಬಂದ ಮಾತು, ಹಿಡಿದಿಟ್ಟಿರುವುದು ಏನು, ಬರುವ ದಿನಗಳಲ್ಲಿ ಏನು ಬದಲಾದರೆ ಅಪಾಯ ಏರುತ್ತದೆ. ಅಭ್ಯಾಸಕ್ಕೆ ಒಂದು ಕಲ್ಪಿತ ಪ್ರಸಂಗ ಕೊಡುತ್ತೇನೆ:

"ಜಗಳೂರು ಕಡೆಯ ರೈತ, 45ರ ಆಸುಪಾಸು. ಎರಡು ವರ್ಷದಿಂದ ಕುಡಿತ ಹೆಚ್ಚು, ಅಣ್ಣ ಆತ್ಮಹತ್ಯೆಯಿಂದ ತೀರಿಕೊಂಡವರು. ಮೆಕ್ಕೆಜೋಳ ಒಣಗಿತು, ಕಿರುಸಾಲದ ಕಂತು ಮೂರು ಬಾಕಿ, ಸೋಮವಾರ ಸಂಘದವರ ಮುಂದೆ ಮಾತು ಬಂತು. 'ಇನ್ನ ನಂದು ಮುಗೀತು' ಅಂದರು. ಹೇಗೆ ಎಂದು ಯೋಚಿಸಿದ್ದಾರೆ, ಯಾವಾಗ ಎಂದು ಇಲ್ಲ. ಮಗಳ ಪಿಯುಸಿ ಮುಗಿಯಬೇಕು ಅನ್ನುತ್ತಾರೆ, ಭಾವಮೈದುನನ ಮೇಲೆ ನಂಬಿಕೆ. ಮುಂದಿನ ಸೋಮವಾರ ಮತ್ತೆ ಕಂತಿನ ದಿನ. ಅವತ್ತು ಕುಡಿದಿದ್ದರೆ ಅಪಾಯ ಹೆಚ್ಚು."

ಕೊನೆಯ ಸಾಲು ನೋಡಿ. ಮುಂದಿನ ಭೇಟಿ ಯಾವತ್ತು ಅನ್ನುವುದನ್ನು ಅದೇ ಹೇಳುತ್ತದೆ: ಭಾನುವಾರ. "ಮಧ್ಯಮ ಅಪಾಯ" ಅಂತ ಬರೆದಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಚಳ್ಳಕೆರೆ ಶೇಂಗಾ

ಕೇಳುವುದರ ಬಗ್ಗೆ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಕೇಳಿ ಆದ ಮೇಲೆ ಏನು? ಅದಕ್ಕೆ ಎರಡನೇ ದಿನದ ಅರ್ಧ ದಿನ ಎತ್ತಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಗೆ ಆರು ಹೆಜ್ಜೆ. ಅವರ ಜೊತೆ ಕೂತು, ಅವರದೇ ಮಾತಿನಲ್ಲಿ ಬರೆಯುವುದು. 20ರಿಂದ 45 ನಿಮಿಷ ಹಿಡಿಯುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ತುರ್ತು ಘಟಕಕ್ಕೆ ಬಂದವರಿಗೆ ಇದನ್ನು ಮಾಡಿಸಿ, ಆಮೇಲೆ ಫೋನ್ ಮಾಡುತ್ತಾ ಹೋದಾಗ ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಸುಮಾರು 45% ಕಡಿಮೆ ಕಂಡಿತು, 2018ರ ಅಧ್ಯಯನ. "ಏನೂ ಮಾಡ್ಕೊಳ್ಳಲ್ಲ ಅಂತ ಮಾತು ಕೊಡಿ" ಅಂತ ಆಣೆ ಹಾಕಿಸಿ ಸಹಿ ತೆಗೆದುಕೊಳ್ಳುವ ಪದ್ಧತಿ ಇದೆಯಲ್ಲ, ಅದರಿಂದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಆಮೇಲೆ ಯೋಚನೆ ಮರುಕಳಿಸಿದಾಗ ಮಾತು ತಪ್ಪಿದೆನಲ್ಲಾ ಅಂತ ನಿಮ್ಮಿಂದಲೇ ಮುಚ್ಚಿಡುತ್ತಾರೆ.

ಮೊದಲ ಹೆಜ್ಜೆ, ಯೋಚನೆ ಏರುವ ಮುನ್ಸೂಚನೆ. "ಬೇಸರ ಆದಾಗ" ಅಂತ ಬರೆದರೆ ಕೆಲಸಕ್ಕೆ ಬರಲ್ಲ. "ರಾತ್ರಿ ಎರಡಕ್ಕೆ ಎಚ್ಚರ ಆಗಿ ಸಾಲದ ಲೆಕ್ಕ ತಲೇಲಿ ತಿರುಗಕ್ಕೆ ಹತ್ತಿದಾಗ" ಅನ್ನುವಷ್ಟು ನಿಖರವಾಗಿರಬೇಕು. ಎರಡನೆಯದು ಯಾರ ಸಹಾಯವೂ ಇಲ್ಲದೆ ತಾವೇ ಮಾಡಬಹುದಾದ್ದು. ಮೂರನೆಯದು ಮನಸ್ಸು ಬೇರೆ ಕಡೆ ಹೊರಳಿಸುವ ಜನ ಮತ್ತು ಜಾಗ, ನಾಲ್ಕನೆಯದು ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳಬಹುದಾದ ಜನ. ತರಬೇತಿಯಲ್ಲಿ ಈ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಅರಳಿಕಟ್ಟೆ, ಭಜನೆ, ಚಹಾದಂಗಡಿ ಮೂರನೆಯದಕ್ಕೆ. ಅಲ್ಲಿ ಏನೂ ಹೇಳಿಕೊಳ್ಳಬೇಕಿಲ್ಲ, ಹೋಗಿ ಕೂತರೆ ಸಾಕು. ನಾಲ್ಕನೆಯದಕ್ಕೆ ಬರೆದ ಹೆಸರಿನವರಿಗೆ ಮೊದಲೇ ವಿಷಯ ಗೊತ್ತಿರಬೇಕು. ಅಲ್ಲೇ ಫೋನ್ ಹಚ್ಚಿಸಿ ಮಾತಾಡಿಸಿ. ಎಷ್ಟೋ ಸಲ ಆ ನಂಬರ್ ರೀಚಾರ್ಜ್ ಇಲ್ಲದೆ ಬಂದ್ ಆಗಿರುತ್ತದೆ, ಗೊತ್ತಾಗುವುದು ಆಗಲೇ.

ಐದನೆಯದು ವೃತ್ತಿಪರ ಸಹಾಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ. ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮ ಮನೋಚೈತನ್ಯದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಲಿನಿಕ್ ಇದೆಯಲ್ಲ, ಕಳಿಸುವ ಮುಂಚೆ ಆ ವಾರ ನಡೆಯುತ್ತದೋ ಇಲ್ಲವೋ ಫೋನ್ ಮಾಡಿ ಕೇಳಿಕೊಳ್ಳಿ. ಕೂಲಿ ಬಿಟ್ಟು, ಬಸ್‌ಚಾರ್ಜ್ ಹಾಕಿಕೊಂಡು ಹೋದವರು ಒಮ್ಮೆ ಬರಿಗೈಲಿ ಬಂದರೆ ಎರಡನೇ ಸಲ ಹೊರಡುವುದಿಲ್ಲ.

ಆರನೆಯದು ಮನೆಯನ್ನು ಸುರಕ್ಷಿತ ಮಾಡುವುದು. ನಮ್ಮ ಕಡೆ ಇದನ್ನು ಮೊದಲೇ ಮಾಡಿ. ಆ ಕ್ಷಣದ ಆವೇಗ ಇಳಿಯುವ ತನಕ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಬಹಳ ಜೀವ ಉಳಿಯುತ್ತದೆ. ಹೊಲದ ಔಷಧಿ ಬಹುತೇಕ ಮನೆಗಳಲ್ಲಿ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಇರುತ್ತದೆ. "ಪೆಟ್ಟಿಗೆಗೆ ಬೀಗ ಹಾಕ್ರಿ" ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಶ್ರೀಲಂಕಾದ 180 ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂತು, ಅದರಿಂದ ಪ್ರಕರಣ ಕಡಿಮೆ ಆಗಲಿಲ್ಲ. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗ ಇದ್ದೂ ಇಲ್ಲದಂತೆ. ಅದೇ ದೇಶದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಸರ್ಕಾರವೇ ನಿಷೇಧಿಸಿದ ಮೇಲೆ ಸಾವು ದೊಡ್ಡ ಪ್ರಮಾಣದಲ್ಲಿ ಇಳಿಯಿತು. ನಿಷೇಧ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಇಷ್ಟು: ಉಳಿದ ಔಷಧಿ ಆ ಮನೆಯಿಂದಲೇ ಹೊರಗೆ ಹೋಗಬೇಕು, ನಂಬಿಕೆಯ ನೆಂಟರ ತಾಬೆಗೆ. ಸಿಂಪಡಣೆಗೆ ಬೇಕಾದಷ್ಟನ್ನು ಬೇಕಾದ ದಿನ ಅವರೇ ತಂದು ಹೊಡೆಯಲಿ. ಗುಳಿಗೆ ನಡೆಯುತ್ತಿದ್ದರೆ ಒಂದು ವಾರದ್ದು ಮಾತ್ರ ಕೊಡುವಂತೆ ವೈದ್ಯರನ್ನು ಕೇಳಿ. ಯಾರು, ಯಾವತ್ತು, ಎಲ್ಲಿಗೆ ಸಾಗಿಸುತ್ತಾರೆ ಅಂತ ಹೆಸರು ಸಮೇತ ಬರೆದು, ಮಾರನೇ ದಿನ ಫೋನ್ ಮಾಡಿ ಆಯಿತಾ ಕೇಳಿ.

ಒಂದು ಎಚ್ಚರಿಕೆ. ಮೊಳಕಾಲ್ಮೂರಿನ ಹೊಸ ಸೊಸೆ ಒಬ್ಬಳ ಪ್ರಸಂಗ ಕೊಟ್ಟು ಅಭ್ಯಾಸ ಮಾಡಿಸಿ: ಅತ್ತೆ ಬಾಗಿಲಲ್ಲೇ ಕೂತಿದ್ದಾರೆ, ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ, ಫೋನ್ ಗಂಡನ ಕೈಯಲ್ಲಿದೆ. ಅಲ್ಲಿ ಯೋಜನೆ ಬರೆದ ಚೀಟಿ ಸಿಕ್ಕಿಬಿದ್ದರೆ ಅವಳಿಗೇ ಏಟು. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಒಂಟಿಯಾಗಿ ಮಾತಾಡಿಸುವ ನೆಪ ಹುಡುಕಬೇಕು, ಚೀಟಿ ಬದಲು ಮೂರು ಮಾತು ಬಾಯಿಪಾಠ. ಮನೆಯವರಿಗೆ ಒಪ್ಪಿಸಿ ಬಂದೆ ಅನ್ನುವ ಮುಂಚೆ, ಕಷ್ಟ ಕೊಡುತ್ತಿರುವವರು ಅದೇ ಮನೆಯವರಾ ಅಂತ ನೋಡಬೇಕು.

ಕಟ್ಟೆ ವಕೀಲ

ಕಾನೂನಿಗೆ 30 ನಿಮಿಷ ಸಾಕು, ಈ ನಾಲ್ಕು ವಿಷಯ ಮಾತ್ರ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 115: ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಇಲ್ಲ, ಆರೈಕೆ ಒದಗಿಸುವುದು ಸರ್ಕಾರದ ಹೊಣೆ. 1 ಜುಲೈ 2024ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ ಐಪಿಸಿಯ ಕಲಂ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹಾಕಲು ಮಾಡುವ ಪ್ರಯತ್ನಕ್ಕೆ ಮಾತ್ರ ಕಲಂ 226 ಉಳಿದಿದೆ. "ಕೇಸ್ ಆಗ್ತದೆ" ಅಂತ ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳುವುದನ್ನು ತಪ್ಪಿಸಲು ಇದು ಕಾರ್ಯಕರ್ತರ ಬಾಯಲ್ಲಿರಬೇಕು. ವೈದ್ಯರಿಗೆ ನಿಜ ಗೊತ್ತಾದರಷ್ಟೇ ಸರಿಯಾದ ಚಿಕಿತ್ಸೆ.

ಗುಟ್ಟು ಕಾಯುವ ವಿಷಯ ಅದೇ 2017ರ ಕಾಯ್ದೆಯ ಕಲಂ 23ರಲ್ಲಿದೆ. ಜೀವಕ್ಕೆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟು ಮಾಹಿತಿ ಹೇಳಲು ಅವಕಾಶ ಉಂಟು. ಆದ್ದರಿಂದ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಲೇಬಾರದು. "ನಿಮ್ಮ ಜೀವಕ್ಕೆ ಅಪಾಯ ಇದ್ರೆ ಮಾತ್ರ, ನಿಮಗೆ ಹೇಳೇ, ಬೇಕಾದವರಿಗೆ ಬೇಕಾದಷ್ಟು ಹೇಳ್ತೀನಿ ಅಕ್ಕ" ಅಂತ ಮಾತು ಶುರುವಾಗುವ ಮುಂಚೆಯೇ ಹೇಳಿಬಿಡಿ. ಹದಿನೆಂಟರ ಒಳಗಿನವರು ಲೈಂಗಿಕ ದೌರ್ಜನ್ಯದ ಮಾತು ಎತ್ತಿದರೆ ಪೋಕ್ಸೊ ಕಲಂ 19ರಂತೆ ತಿಳಿಸುವುದು ಕಡ್ಡಾಯ, ಅಲ್ಲಿ ಆಯ್ಕೆ ಇಲ್ಲ. ಮಕ್ಕಳ ಸಹಾಯವಾಣಿ 1098 ನೆನಪಿರಲಿ.

2017ರ ಕಾಯ್ದೆಯದೇ ಕಲಂ 94 ಬಹಳ ಜನಕ್ಕೆ ಗೊತ್ತಿಲ್ಲ. ತುರ್ತು ಸಂದರ್ಭದಲ್ಲಿ ಜೀವ ಉಳಿಸಲು ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ (ರೋಗಿಯ ಪರವಾಗಿ ತೀರ್ಮಾನ ಮಾಡಲು ಗೊತ್ತಾದವರು) ಸಿಕ್ಕರೆ ಅವರ ಒಪ್ಪಿಗೆ ಬೇಕು. "ಸೈಕಿಯಾಟ್ರಿಸ್ಟ್ ಇಲ್ಲ, ದಾವಣಗೆರೆಗೆ ಹೋಗಿ" ಅಂತ ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಯ ಬಾಗಿಲಿಂದ ವಾಪಸ್ ಕಳಿಸಿದರೆ ಕೇಳಬೇಕಾದ್ದು ಇದನ್ನೇ. 108ರಲ್ಲಿ ಜೊತೆಗೆ ಕೂತು ಹೋಗಿ, ಚೀಟಿ ಕೊಟ್ಟು ಕಳಿಸಬೇಡಿ.

ನಾಲ್ಕನೆಯದು ಸಾಲ. ಕಿರುಸಾಲ ವಸೂಲಿಯಲ್ಲಿ ಕಿರುಕುಳ ತಡೆಯಲು 2025ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಮನೆ ಮುಂದೆ ಕೂತು ಮಾನ ತೆಗೆಯುವವರ ಮೇಲೆ ಪೊಲೀಸ್ ದೂರು ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಾತಿನ ಸಮಾಧಾನಕ್ಕಿಂತ ಕಂತಿನವರು ಒಂದು ವಾರ ಬರದಂತೆ ಮಾಡಿದ್ದೇ ಕೆಲವು ಮನೆಗಳಲ್ಲಿ ದೊಡ್ಡ ಚಿಕಿತ್ಸೆ.

ದುರ್ಗದ ಕಲ್ಲು

ಎಲ್ಲರಿಗೂ ಧನ್ಯವಾದ, ವೇಳಾಪಟ್ಟಿ ಹರಿದು ಹೊಸದು ಬರೆಯುತ್ತಿದ್ದೇನೆ. ಎರಡು ಅನುಮಾನ ಉಳಿದಿವೆ. 30 ಜನರಲ್ಲಿ ಸ್ವಂತ ಮನೆಯಲ್ಲೇ ಇಂಥ ಸಾವು ಕಂಡವರು ಇದ್ದೇ ಇರುತ್ತಾರೆ, ಅವರಿಗೆ ಪಾತ್ರಾಭಿನಯ ಹೇಗೆ? ಮತ್ತೆ, ತರಬೇತಿ ಮುಗಿದ ಮೇಲೆ ಕಷ್ಟದಲ್ಲಿರುವವರನ್ನು ಎಷ್ಟು ದಿನ, ಎಷ್ಟು ಸಲ ಹಿಂಬಾಲಿಸಬೇಕು?

ಬೆಣ್ಣೆ ಖಾಲಿ, ದಾವಣಗೆರೆ

ಮೊದಲನೆಯದಕ್ಕೆ: ಶುರುವಿನಲ್ಲೇ ಎಲ್ಲರಿಗೂ ಹೇಳಿ, ಎದ್ದು ಹೊರಗೆ ಹೋಗಬಹುದು, ಕಾರಣ ಕೊಡಬೇಕಿಲ್ಲ. ಪಕ್ಕದ ಕೋಣೆಯಲ್ಲಿ ಪಾಠ ಮಾಡದ ಆಪ್ತಸಮಾಲೋಚಕರೊಬ್ಬರು ಎರಡೂ ದಿನ ಕೂತಿರಲಿ. ಕಷ್ಟದಲ್ಲಿರುವವರ ಪಾತ್ರ ಯಾರಿಗೂ ಹೊರಿಸಬೇಡಿ, ಬೇಡ ಅಂದವರು ನೋಡುವವರಾಗಿಯೇ ಇರಲಿ. ಪ್ರಸಂಗ ನೀವು ಬರೆದು ಕೊಟ್ಟದ್ದೇ ಇರಬೇಕು. "ನಿಮಗೆ ಗೊತ್ತಿರೋ ಘಟನೆ ಮಾಡಿ" ಅಂದರೆ ಸ್ವಂತ ಕಥೆ ಹೊರಬಂದು ಕೈ ಮೀರುತ್ತದೆ. ಪ್ರತಿ ಸುತ್ತಿನ ಕೊನೆಗೆ ಪಾತ್ರ ಕಳಚಿಸಿ: ಕುರ್ಚಿ ಬದಲಿಸಿ, ತಮ್ಮ ಹೆಸರು, ಊರು ಹೇಳಿ, ಮಧ್ಯಾಹ್ನ ಊಟಕ್ಕೆ ಏನು ಅಂತ ಮಾತಾಡಲಿ. ಕ್ಷುಲ್ಲಕ ಅನ್ನಿಸಬಹುದು, ಆದರೆ ಇದನ್ನು ಬಿಟ್ಟರೆ ಸಂಜೆ ಬಸ್ಸು ಹತ್ತುವಾಗಲೂ ಕೆಲವರ ಮುಖ ಇಳಿದೇ ಇರುತ್ತದೆ.

ಚಳ್ಳಕೆರೆ ಶೇಂಗಾ

ಎರಡನೆಯದಕ್ಕೆ ಒಳ್ಳೆಯ ಮಾದರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ, ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ನೋಡಿದ್ದು, ಫಲಿತಾಂಶ 2008ರಲ್ಲಿ ಬಂತು. ಒಂದು ಗಂಟೆಯ ತಿಳಿವಳಿಕೆ ಮಾತು, ಆಮೇಲೆ ಫೋನಿನಲ್ಲೋ ಮನೆಗೆ ಹೋಗಿಯೋ ಒಂಬತ್ತು ಸಂಪರ್ಕ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಹದಿನೆಂಟು ತಿಂಗಳಲ್ಲಿ ಸಾಮಾನ್ಯ ಆರೈಕೆ ಸಿಕ್ಕವರಲ್ಲಿ 2.2% ಜನ ಆತ್ಮಹತ್ಯೆಯಿಂದ ತೀರಿಕೊಂಡರೆ, ಹೀಗೆ ಸಂಪರ್ಕ ಇಟ್ಟುಕೊಂಡವರಲ್ಲಿ 0.2%. ದೊಡ್ಡ ಯಂತ್ರ, ದೊಡ್ಡ ಡಿಗ್ರಿ ಏನೂ ಬೇಕಿರಲಿಲ್ಲ.

ಈ ಒಂಬತ್ತು ದಿನಾಂಕವನ್ನು ಡೈರಿಗೆ ಇಳಿಸುವುದನ್ನು ತರಬೇತಿಯ ಕೊನೆಯ ಅಭ್ಯಾಸ ಮಾಡಿ. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಯುಗಾದಿ, ಜಾತ್ರೆ, ಗುಳೆ ಹೋಗುವ ಕಾಲ ಎಲ್ಲ ನಡುವೆ ಬರುತ್ತವೆ. ಗುಳೆ ಹೋದರೆ ಯಾವ ನಂಬರಿಗೆ ಮಾಡಬೇಕು ಅಂತ ಮೊದಲ ವಾರವೇ ಕೇಳಿ ಬರೆದುಕೊಳ್ಳಬೇಕು, ಮನೆಯವರದೊಂದು ಮತ್ತು ಜೊತೆಗೆ ಹೋಗುವ ಮೇಸ್ತ್ರಿಯದೊಂದು. ಮೇಸ್ತ್ರಿಗೆ ವಿಷಯ ಹೇಳಬಾರದು, ಫೋನ್ ಕೊಡಿಸಿದರೆ ಸಾಕು.

ಕಾರ್ಯಕರ್ತರನ್ನು ಹಿಂಬಾಲಿಸುವುದೂ ಬೇಕು. ಕಲಿತ ಧೈರ್ಯ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಹಾಗಾಗಿ ಮೂರು ತಿಂಗಳಿಗೆ ಅರ್ಧ ದಿನ ಮತ್ತೆ ಸೇರಿಸಿ ಅದೇ ಮೂವರ ಗುಂಪಿನಲ್ಲಿ ಕೂರಿಸಿ. ನಡುವೆ ತಿಂಗಳಿಗೊಮ್ಮೆ ಒಂದು ಗಂಟೆ ಪ್ರಕರಣ ಚರ್ಚೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಒಪ್ಪಿದರೆ ಅವರ ಜೊತೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರ ಹೆಸರು, ಊರು, ಫೋಟೊ ಹಾಕುವಂತಿಲ್ಲ ಅಂತ ಮೊದಲ ದಿನವೇ ಕಟ್ಟುನಿಟ್ಟು ಮಾಡಿ. ಎಷ್ಟು ಮಾಡಿದರೂ ಒಂದು ಜೀವ ಹೋಗಬಹುದು. ಅವತ್ತು ಆ ಕಾರ್ಯಕರ್ತೆಯ ಜೊತೆ ಯಾರು ಮಾತಾಡುತ್ತಾರೆ, ಆ ಮನೆಗೆ ಯಾರು ಹೋಗುತ್ತಾರೆ ಅಂತ ಈಗಲೇ ಹೆಸರು ಬರೆದಿಡಿ. ತಪ್ಪು ಯಾರದು ಅಂತ ವಿಚಾರಣೆ ನಡೆಸುವ ಸಭೆ ಅಂದು ಬೇಡ.

ಪ್ರಮಾಣಪತ್ರವನ್ನು ಆ ಮೂರು ತಿಂಗಳ ಅರ್ಧ ದಿನಕ್ಕೇ ಇಟ್ಟುಕೊಳ್ಳಿ. ಎಲ್ಲರೂ ವಾಪಸ್ ಬರುತ್ತಾರೆ.